ಚುಕ್ಕೆ ಚುಕ್ಕೆಯ ಈ ಜಿರಳೆ ಯಾವುದು? ಕಾಸರಗೋಡಿನ ಕೀಟಾಸಕ್ತರು ಪದೇ ಪದೇ ಕೇಳುವ ಪ್ರಶ್ನೆಗಳು

ಪತ್ತನಾಜೆ (ಮೇ ಕೊನೆಯ ಹೊತ್ತಿಗೆ ಬರುವ, ತುಳು ಬೇಶ ತಿಂಗಳ ಹತ್ತನೇ ದಿನ) ಕಳೆದು ನಾಲ್ಕು ಮಳೆ ಬಿದ್ದರೆ ಸಾಕು, ಬದಿಯಡ್ಕ, ಪೆರ್ಲ, ಮುಳ್ಳೇರಿಯ ಕಡೆಯಿಂದ ವಾಟ್ಸಾಪಿನಲ್ಲಿ ಹುಳುಗಳ ಫೋಟೋ ಬರಲು ಶುರು. ಅದರಲ್ಲಿ ಜಿರಳೆಗಳದ್ದೂ ಒಂದು ಪಾಲು. ಈಚೆಗೆ ಡಬ್ಬಿಯಲ್ಲಿ ಜಿರಳೆ ಸಾಕುವ ಹುಡುಗರು ಬೇರೆ ಜಾಸ್ತಿಯಾಗಿದ್ದಾರೆ. ಎಲ್ಲರದ್ದೂ ಒಂದೇ ಪ್ರಶ್ನೆ: "ಇದು ಯಾವುದು?" ಒಬ್ಬೊಬ್ಬರಿಗೆ ಉತ್ತರ ಬರೆಯುವ ಬದಲು ಎಲ್ಲವನ್ನೂ ಇಲ್ಲಿ ಒಟ್ಟು ಹಾಕಿದ್ದೇನೆ. ಫೋಟೋ ಕಳಿಸುವ ಮೊದಲು ಒಮ್ಮೆ ಓದಿ.

ಕಪ್ಪು ಮೈ, ಬೆನ್ನ ಮೇಲೆ ಬಿಳಿ ಚುಕ್ಕೆ. ಇದು ಜಿರಳೆಯಾ, ದುಂಬಿಯಾ?

ಜಾಸ್ತಿ ಬರುವ ಪ್ರಶ್ನೆ ಇದೇ. ಮೊದಲು ಬೆನ್ನಿನ ನಡುವೆ ನೋಡಿ. ದುಂಬಿಯ ಎರಡು ಗಟ್ಟಿ ರೆಕ್ಕೆಗಳು ನಡುವಿನಲ್ಲಿ ಸರಿಯಾಗಿ ಸೇರಿ ಒಂದು ನೇರ ಗೆರೆ ಬೀಳುತ್ತದೆ. ಜಿರಳೆಯ ರೆಕ್ಕೆ ಹಾಗಲ್ಲ, ಒಂದರ ಮೇಲೊಂದು ಹತ್ತಿಕೊಂಡಿರುತ್ತದೆ. ಆಮೇಲೆ ಹಿಂಭಾಗ ನೋಡಿ. ಹೊಟ್ಟೆಯ ತುದಿಯಲ್ಲಿ ಎರಡು ಸಣ್ಣ ಮೊಳೆಯಂಥ ಅಂಗಗಳಿದ್ದರೆ ಅದು ಜಿರಳೆ. ದುಂಬಿಗೆ ಅವು ಇರುವುದಿಲ್ಲ. ತಲೆಯನ್ನೂ ಗಮನಿಸಿ. ಮೇಲಿನಿಂದ ನೋಡಿದರೆ ಜಿರಳೆಯ ತಲೆ ಕುತ್ತಿಗೆಯ ಗುರಾಣಿಯ, ಅಂದರೆ ತಲೆಯ ಹಿಂದಿನ ಗಟ್ಟಿ ಹಲಗೆಯ, ಅಡಿಯಲ್ಲಿ ಹೆಚ್ಚುಕಡಿಮೆ ಮುಚ್ಚಿಹೋಗಿರುತ್ತದೆ.

ಈ ಮೂರೂ ಸರಿಹೊಂದಿ, ಮೈ ಸುಮಾರು 25 ಮಿಲಿಮೀಟರ್ ಉದ್ದವಿದ್ದು, ಆಕಾರ ದುಂಡಗಿದ್ದರೆ ನಿಮಗೆ ಸಿಕ್ಕಿದ್ದು ಬಹುತೇಕ ಡಾಮಿನೋ ಜಿರಳೆ. ವೈಜ್ಞಾನಿಕ ಹೆಸರು ಥೀರಿಯಾ ಪೆಟಿವೇರಿಯಾನಾ. ಏಳು ಚುಕ್ಕೆಯ ಜಿರಳೆ ಅಂತಲೂ ಹೇಳುತ್ತಾರೆ. ಚುಕ್ಕೆ ಎಣಿಸಿ ನೋಡಿ: ಎಡ ರೆಕ್ಕೆಯಲ್ಲಿ ನಾಲ್ಕು, ಬಲ ರೆಕ್ಕೆಯಲ್ಲಿ ಮೂರು. ಎಡದ್ದು ಮೇಲೆ ಕೂತು ಬಲದ್ದನ್ನು ಒಂದಷ್ಟು ಮುಚ್ಚುತ್ತದೆ. ಹಾಗಾಗಿ ಎರಡೂ ಬದಿ ಸಮ ಇರುವುದಿಲ್ಲ. ದೂರದಿಂದ ನೋಡುವವರಿಗೆ ಇದು ತಿಳಿಯುವುದೇ ಇಲ್ಲ.

ದುಂಬಿ ಅಂತ ಅನಿಸಿದ್ದಕ್ಕೆ ಬೇಜಾರು ಬೇಡ. 1758ರಲ್ಲಿ ಇದಕ್ಕೆ ಹೆಸರಿಟ್ಟ ಸ್ವೀಡನ್ನಿನ ಜೀವವಿಜ್ಞಾನಿ ಲಿನೇಯಸ್ ಕೂಡ ಇದನ್ನು ಕ್ಯಾಸಿಡಾ ಅನ್ನುವ ದುಂಬಿಗಳ ಗುಂಪಿಗೆ ಸೇರಿಸಿದ್ದ! ಹೆಸರಿನ ಎರಡನೇ ಭಾಗ ಲಂಡನ್ನಿನ ಔಷಧಿ ವ್ಯಾಪಾರಿ ಜೇಮ್ಸ್ ಪೆಟಿವರ್‌ನದ್ದು. ಹುಳ, ಗಿಡ, ಚಿಪ್ಪು ಸಂಗ್ರಹಿಸುವ ಹುಚ್ಚು ಅವನಿಗೆ.

ಹಾಗಾದರೆ ಅದು ದುಂಬಿಯ ವೇಷ ಹಾಕಿದೆಯಾ?

ಹಾಗಂತಲೇ ತಜ್ಞರ ಅಭಿಪ್ರಾಯ. ನಮ್ಮಲ್ಲಿ ಆಂಥಿಯಾ ಸೆಕ್ಸ್‌ಗುಟ್ಟಾಟಾ ಅನ್ನುವ ದೊಡ್ಡ ನೆಲದುಂಬಿ ಇದೆ. ಕಪ್ಪು ಮೈ, ಆರು ಬಿಳಿ ಚುಕ್ಕೆ. ಅದು ಬೇಟೆಗಾರ, ಕಚ್ಚುತ್ತದೆ. ಮುಟ್ಟಿದರೆ ಉರಿಯುವ ದ್ರವವನ್ನೂ ಚಿಮ್ಮಿಸುತ್ತದೆ. ಒಮ್ಮೆ ಅದನ್ನು ಬಾಯಿಗೆ ಹಾಕಿಕೊಂಡ ಹಕ್ಕಿ, ಕಪ್ಪು-ಬಿಳಿ ಚುಕ್ಕೆಯ ಇನ್ನೊಂದು ಹುಳ ಕಂಡರೆ ಎರಡು ಸಲ ಯೋಚಿಸುತ್ತದೆ ಅಲ್ವಾ? ಬಡಪಾಯಿ ಡಾಮಿನೋಗೆ ಅಷ್ಟು ಸಾಕು.

ಇದರಿಂದ ನಿಮಗೊಂದು ಎಚ್ಚರಿಕೆಯೂ ಇದೆ. ಗುರುತು ಖಚಿತವಾಗುವ ತನಕ ಚುಕ್ಕೆಯ ಹುಳವನ್ನು ಬರಿಗೈಯಲ್ಲಿ ಹಿಡಿಯಬೇಡಿ. ಆಂಥಿಯಾದ ಮೈ ಉದ್ದ, ಸೊಂಟ ಸಪೂರ, ಮುಂದೆ ದೊಡ್ಡ ದವಡೆ, ಓಟ ಜೋರು. ಡಾಮಿನೋ ದುಂಡಗೆ, ಕುಳ್ಳಗೆ. ಕಚ್ಚುವ ಗೋಜಿಗೆ ಹೋಗುವುದಿಲ್ಲ.

ಇದನ್ನು ಎಲ್ಲಿ, ಯಾವಾಗ ಹುಡುಕಬೇಕು?

ಇದು ದಕ್ಷಿಣ ಭಾರತದ ಕುರುಚಲು ಕಾಡಿನ ಜೀವಿ. ಮನೆಯೊಳಗೆ, ಅಡುಗೆಮನೆಯಲ್ಲಿ ಹುಡುಕಬೇಡಿ. ನಮ್ಮ ಕಡೆ ಹುಡುಕುವುದಾದರೆ ಮುರಕಲ್ಲಿನ ಗುಡ್ಡೆಗಳ ಪೊದೆಯಂಚು, ಮರದಡಿಯ ತರಗೆಲೆ, ಸಡಿಲ ಮಣ್ಣು ನೋಡಬೇಕು. ಮರಿಗಳು ಮಣ್ಣಿನಲ್ಲೇ ಇದ್ದು ಒಣ ಎಲೆ ತಿಂದು ಬೆಳೆಯುತ್ತವೆ. ವರ್ಷಕ್ಕೆ ಒಂದೇ ಪೀಳಿಗೆ. ಬೆಳೆದ ಹುಳುಗಳು ಮುಂಗಾರು ಶುರುವಾಗುವ ಹೊತ್ತಿಗೆ ಮೇಲೆ ಬರುತ್ತವೆ. ಕೇರಳಕ್ಕೆ ಮುಂಗಾರು ಮುಟ್ಟುವ ವಾಡಿಕೆಯ ದಿನ ಜೂನ್ 1. ಅದರ ಹಿಂದೆಮುಂದೆ ಕಣ್ಣಿಡಿ. ಆಟಿ ತಿಂಗಳು (ಜುಲೈ-ಆಗಸ್ಟ್) ಕಳೆದು ಹೊರಟರೆ ಖಾಲಿ ಕೈಯಲ್ಲಿ ವಾಪಸಾಗುವ ಸಂಭವವೇ ಜಾಸ್ತಿ.

ಮಾಘ ಮಾಸದ ಬಿಸಿಲಿನಲ್ಲಿ ತೆಗೆದ "ಡಾಮಿನೋ" ಫೋಟೋ ಬಂದರೆ ನನಗೆ ಮೊದಲು ಸಂಶಯ ಬರುತ್ತದೆ. ಕಾಡಿನದ್ದೋ, ಡಬ್ಬಿಯದ್ದೋ ಅಂತ ಕೇಳುತ್ತೇನೆ. ಡಬ್ಬಿಯದ್ದಾದರೆ ಋತು ಲೆಕ್ಕಕ್ಕಿಲ್ಲ.

ಆನ್‌ಲೈನಿನಲ್ಲಿ ಡಾಮಿನೋ ಅಂತ ತರಿಸಿದೆ. ಚುಕ್ಕೆ ಕಿತ್ತಳೆ ಬಣ್ಣದ್ದು. ಮೋಸ ಆಯ್ತಾ?

ಮೋಸ ಅನ್ನುವುದಕ್ಕಿಂತ ಗೊಂದಲ ಅನ್ನೋಣ. ಥೀರಿಯಾ ಕುಲದಲ್ಲಿ ಪೆಟಿವೇರಿಯಾನಾ ಒಂದೇ ಇರುವುದಲ್ಲ. ಹವ್ಯಾಸಿಗಳ ಕೈಯಲ್ಲಿ ಮುಖ್ಯವಾಗಿ ಮೂರು ಓಡಾಡುತ್ತವೆ, ಮೂರೂ ಭಾರತದವೇ. ಪೆಟಿವೇರಿಯಾನಾದ ಚುಕ್ಕೆ ಕೆನೆಬಿಳಿ, ಕೆಲವೊಮ್ಮೆ ತುಸು ಹಳದಿ. ಪ್ರತಿ ಚುಕ್ಕೆಯೂ ಬಿಡಿ ಬಿಡಿ. ರೆಗುಲಾರಿಸ್ ಅನ್ನುವುದರಲ್ಲಿ ಚುಕ್ಕೆ ಕಿತ್ತಳೆ. ನಿಮ್ಮ ಕೈಯಲ್ಲಿರುವುದು ಬಹುಶಃ ಅದು. ಮೂರನೆಯದು ಓಲೆಗ್ರಾಂಡ್‌ಜೀನಿ. ಅದರಲ್ಲಿ ಚುಕ್ಕೆಗಳು ಒಂದಕ್ಕೊಂದು ಕೂಡಿಕೊಂಡು ಪಟ್ಟೆಯಾಗುತ್ತವೆ. ರೆಕ್ಕೆ ಮಡಿಸಿದಾಗ ಪ್ರಶ್ನಾರ್ಥಕ ಚಿಹ್ನೆಯ ಹಾಗೆ ಕಾಣುತ್ತದೆ. ಅದಕ್ಕೇ ಮಾರುವವರು ಅದನ್ನು ಕ್ವೆಶ್ಚನ್ ಮಾರ್ಕ್ ಜಿರಳೆ ಅನ್ನುತ್ತಾರೆ.

ಆದರೆ ಬಣ್ಣ ಒಂದನ್ನೇ ನಂಬಿ ಹೆಸರಿಡಬೇಡಿ. ಒಂದೇ ಜಾತಿಯಲ್ಲಿ ಚುಕ್ಕೆ ದೊಡ್ಡದು ಚಿಕ್ಕದು ಇರುತ್ತದೆ. ಸತ್ತು ಒಣಗಿದ ಮೇಲೆ ಬಣ್ಣ ಮಂಕಾಗುತ್ತದೆ. ಮೊಬೈಲು ಕ್ಯಾಮರಾ ಕೆನೆಬಿಳಿಯನ್ನು ಹಳದಿ ಮಾಡಿಬಿಡುತ್ತದೆ. ಟ್ಯೂಬ್‌ಲೈಟಿನಡಿ ತೆಗೆದ ಫೋಟೋ ಇನ್ನೂ ಕಷ್ಟ.

ಇಲ್ಲಿ ಒಂದು ಮಾತು ಒತ್ತಿ ಹೇಳುತ್ತೇನೆ. ಡಬ್ಬಿಯ ಮೇಲಿನ ಹೆಸರು ಗುರುತಲ್ಲ, ಮಾರಿದವನ ಅಂದಾಜು. ಅವನೂ ಇನ್ನೊಬ್ಬನಿಂದ ತಂದಿರುತ್ತಾನೆ. ಕೈಯಿಂದ ಕೈಗೆ ಹೋಗುವಾಗ ಹೆಸರು ಬದಲಾಗುತ್ತದೆ, ಎರಡು ಜಾತಿಯ ಮರಿಗಳು ಒಂದೇ ಡಬ್ಬಿಗೆ ಬೀಳುತ್ತವೆ. ನೀವು ಕೇಳಬೇಕಾದ್ದು "ಇದರ ಹೆಸರೇನು" ಅಂತಲ್ಲ, "ಇದರ ಮೂಲ ಹುಳುಗಳನ್ನು ಯಾವ ಊರಿನಲ್ಲಿ ಹಿಡಿದದ್ದು" ಅಂತ. ಊರು ಗೊತ್ತಿದ್ದರೆ ಹೆಸರನ್ನು ನಾಳೆಯಾದರೂ ಹುಡುಕಬಹುದು. ಊರು ಕಳೆದುಹೋದ ಹುಳಕ್ಕೆ ಎಷ್ಟು ಚಂದದ ಹೆಸರಿದ್ದರೂ ಪ್ರಯೋಜನ ಕಡಿಮೆ.

ಮರಿಯ ಫೋಟೋ ಕಳಿಸಿದರೆ ಜಾತಿ ಹೇಳುತ್ತೀರಾ?

ಥೀರಿಯಾ ಮರಿಯಾದರೆ ಇಲ್ಲ. ಅವೆಲ್ಲ ಕಂದು ಬಣ್ಣದ, ಮೊಟ್ಟೆಯಾಕಾರದ, ಮಣ್ಣು ಮೆತ್ತಿಕೊಂಡ ಹುಳುಗಳು. ಚುಕ್ಕೆ ಇಲ್ಲ, ರೆಕ್ಕೆ ಇಲ್ಲ. ಸಾಕಿ, ಬೆಳೆದ ಮೇಲೆ ಕಳಿಸಿ.

ಬಚ್ಚಲಿನಲ್ಲಿ ಹಳದಿ ಚಿತ್ತಾರದ, ರೆಕ್ಕೆಯಿಲ್ಲದ ಜಿರಳೆ ಸಿಕ್ಕಿದೆ. ಇದು ವಿದೇಶಿಯಾ?

ಅಲ್ಲ, ನಮ್ಮ ಹಳೇ ನೆಂಟ. ಹಾರ್ಲೆಕ್ವಿನ್ ಜಿರಳೆ, ಅಂದರೆ ನಿಯೋಸ್ಟೈಲೋಪೈಗಾ ರೊಂಬಿಫೋಲಿಯಾ. ಹೊರದೇಶದ ಹವ್ಯಾಸಿಗಳು ಇದನ್ನು ದುಡ್ಡು ಕೊಟ್ಟು ಸಾಕುತ್ತಾರೆ, ನಮ್ಮವರು ಚಪ್ಪಲಿಯಲ್ಲಿ ಹೊಡೆಯುತ್ತಾರೆ. ಹಳೇ ಮನೆಯ ಬಚ್ಚಲು, ಸೌದೆ ರಾಶಿ, ತೆಂಗಿನಕಾಯಿ ಕೂಡಿಟ್ಟ ಮೂಲೆ ಇದಕ್ಕೆ ಇಷ್ಟ.

ಗುರುತಿಸುವಾಗ ಒಂದು ಕಡೆ ಎಲ್ಲರೂ ಎಡವುತ್ತಾರೆ. ಆಸ್ಟ್ರೇಲಿಯನ್ ಜಿರಳೆ ಅನ್ನುವ ಇನ್ನೊಂದು ಮನೆಜಿರಳೆ ಇದೆ, ಪೆರಿಪ್ಲಾನೆಟಾ ಆಸ್ಟ್ರಲೇಸಿಯೆ. ಅದರ ಮರಿಗೂ ರೆಕ್ಕೆ ಇರುವುದಿಲ್ಲ, ಗಾಢ ಕಂದು ಮೈಮೇಲೆ ಹಳದಿ ಮಚ್ಚೆಗಳಿರುತ್ತವೆ. ಎರಡನ್ನೂ ಅಕ್ಕಪಕ್ಕ ಇಟ್ಟರೆ ವ್ಯತ್ಯಾಸ ಕಾಣುತ್ತದೆ. ಆಸ್ಟ್ರೇಲಿಯನ್ ಮರಿಯಲ್ಲಿ ಹಳದಿ ಬರುವುದು ಹೆಚ್ಚಾಗಿ ಅಂಚಿನಲ್ಲಿ, ಬಿಡಿ ಮಚ್ಚೆಗಳಾಗಿ. ಹಾರ್ಲೆಕ್ವಿನ್‌ನಲ್ಲಿ ಹಳದಿ-ಕಪ್ಪು ಚಿತ್ತಾರ ಬೆನ್ನು ಪೂರ್ತಿ ಹರಡಿಕೊಂಡು, ಯಕ್ಷಗಾನದ ಬಣ್ಣದ ವೇಷದವರ ಮುಖದ ಹಾಗೆ ಎರಡೂ ಬದಿ ಒಂದಕ್ಕೊಂದು ಹೊಂದುತ್ತದೆ. ಈಗ ಕುತ್ತಿಗೆಯ ಗುರಾಣಿಯ ಹಿಂದೆ, ಬದಿಗಳಲ್ಲಿ ನೋಡಿ. ಬೆಳೆದ ಹಾರ್ಲೆಕ್ವಿನ್‌ಗೆ ಅಲ್ಲಿ ಎರಡು ಪುಟ್ಟ ಹಲಗೆಗಳಿವೆ. ಬುಡದಲ್ಲಿ ಕೀಲು ಇರುವ ಹಾಗೆ ಬೇರೆಯಾಗಿಯೇ ಕಾಣುತ್ತವೆ. ಅದರ ಮುಂರೆಕ್ಕೆ ಅಂದರೆ ಅಷ್ಟೇ. ಅದಕ್ಕಿಂತ ದೊಡ್ಡದಾಗುವುದಿಲ್ಲ, ಹಾರುವುದಂತೂ ಇಲ್ಲ. ಬೆಳೆದದ್ದು 20ರಿಂದ 25 ಮಿಲಿಮೀಟರ್.

ಸಂಶಯ ಉಳಿದರೆ ಡಬ್ಬಿಯಲ್ಲಿ ಇಟ್ಟು ಕಾಯಿರಿ. ಪೊರೆ ಕಳಚಿ ಉದ್ದ ರೆಕ್ಕೆ ಬಂದರೆ ಅದು ಆಸ್ಟ್ರೇಲಿಯನ್. ರೆಕ್ಕೆಯ ಬುಡದಲ್ಲಿ ಹಳದಿ ಗೀಟು ಇದ್ದರೆ ಮತ್ತೆ ಮಾತೇ ಬೇಡ.

ಗೊಬ್ಬರದ ಗುಂಡಿ ಕೆದಕಿದರೆ ಫಳಫಳ ಹೊಳೆಯುವ ಕಪ್ಪು ಮರಿಗಳು ಬರುತ್ತವೆ. ಅವು ಡಾಮಿನೋ ಮರಿಗಳಾ?

ಅವು ಸುರಿನಾಮ್ ಜಿರಳೆಯ ಮರಿಗಳು, ಪಿಕ್ನೋಸ್ಕೆಲಸ್ ಸುರಿನಾಮೆನ್ಸಿಸ್. ಅಡಿಕೆ ತೋಟದ ಸೊಪ್ಪಿನ ರಾಶಿ, ಹಟ್ಟಿಗೊಬ್ಬರ, ಹೂಕುಂಡದ ಮಣ್ಣು, ಎಲ್ಲಿ ಬೇಕಾದರೂ ಸಿಗುತ್ತವೆ. ಮರಿಯ ಮೈಯ ಮುಂದಿನ ಭಾಗ ಎಣ್ಣೆ ಹಚ್ಚಿದ ಹಾಗೆ ಹೊಳೆಯುತ್ತದೆ, ಹಿಂದಿನ ತುದಿ ಒರಟು, ಹೊಳಪಿಲ್ಲ. ಹೊಳಪು ಎಲ್ಲಿ ನಿಲ್ಲುತ್ತದೆ ಅನ್ನುವ ಗೆರೆ ಬರಿಗಣ್ಣಿಗೇ ಕಾಣುತ್ತದೆ. ಬೆಳೆದದ್ದಕ್ಕೆ ಕಂದು ರೆಕ್ಕೆ, ಕಪ್ಪು ಗುರಾಣಿ, ಗುರಾಣಿಯ ಮುಂದಂಚಿನಲ್ಲಿ ಸಪೂರ ತಿಳಿ ಗೆರೆ.

ಹೆಸರು ದಕ್ಷಿಣ ಅಮೆರಿಕದ್ದು. ಲಿನೇಯಸ್ 1758ರಲ್ಲಿ ಹೆಸರಿಟ್ಟದ್ದು ಅಲ್ಲಿಂದ ಬಂದ ಹುಳ ನೋಡಿ. ಮೂಲ ಮಾತ್ರ ನಮ್ಮ ಕಡೆಯ ಏಷ್ಯಾದ್ದು. ಗಿಡ, ಮಣ್ಣಿನ ಜೊತೆ ಹಡಗು ಹತ್ತಿ ಹೋದದ್ದು.

ಇದರ ವಿಶೇಷ ಅಂದರೆ ಗಂಡಿನ ಹಂಗಿಲ್ಲ. ಹೆಣ್ಣೇ ಹೆಣ್ಣುಮರಿ ಹಾಕುತ್ತದೆ. ಒಂದು ಮರಿ ಕುಂಡಕ್ಕೆ ಬಿದ್ದರೂ ಸಂಸಾರ ಶುರು. ಇದಕ್ಕೊಂದು ಅವಳಿಯಂಥ ಜಾತಿ ಇದೆ, ಪಿಕ್ನೋಸ್ಕೆಲಸ್ ಇಂಡಿಕಸ್. ಅದರಲ್ಲಿ ಗಂಡು ಹೆಣ್ಣು ಎರಡೂ ಇವೆ, ಕೂಡದೆ ಸಂತಾನವಿಲ್ಲ. ಹೊರನೋಟಕ್ಕೆ ಎರಡೂ ಒಂದೇ ಥರ. ನಿಮ್ಮ ಡಬ್ಬಿಯಲ್ಲಿ ತುಂಬಾ ಗಂಡುಗಳು ಕಂಡರೆ ಇಂಡಿಕಸ್ ಅನ್ನುವ ಕಡೆಗೆ ವಾಲಬಹುದು. ಒಂದೇ ಒಂದು ಮರಿಯನ್ನು ಬೇರೆ ಡಬ್ಬಿಯಲ್ಲಿ ಬೆಳೆಸಿ ನೋಡಿ. ಒಂಟಿಯಾಗಿದ್ದೂ ಮರಿ ಹಾಕಿತು ಅಂದರೆ ಸುರಿನಾಮೆನ್ಸಿಸ್. ನಿಧಾನದ ಕೆಲಸ, ಆದರೆ ಮನೆಯಲ್ಲೇ ಮಾಡಬಹುದಾದ ಪರೀಕ್ಷೆ. ನನಗೆ ಇದು ಇಷ್ಟ.

ಕೋಳಿ ಸಾಕುವವರಿಗೆ ಒಂದು ಮಾತು. ಕೋಳಿಯ ಕಣ್ಣಿನಲ್ಲಿ ಬರುವ ಒಂದು ಹುಳ ಈ ಜಿರಳೆಯ ಮೂಲಕವೇ ಕೋಳಿಗೆ ದಾಟುತ್ತದೆ. ಗೊಬ್ಬರದಿಂದ ಹೆಕ್ಕಿ ಕೋಳಿಗೆ ಹಾಕುವ ಅಭ್ಯಾಸ ಬೇಡ.

ಮುಟ್ಟಿದರೆ ಉಂಡೆಯಾಗುತ್ತದೆ. ಇದೂ ಜಿರಳೆ ಅಂತ ಯಾರೋ ಹೇಳಿದರು?

ಉಂಡೆಯಾಗುವ ಜಿರಳೆಗಳು ಏಷ್ಯಾದಲ್ಲಿ ಇವೆ ನಿಜ. ಆದರೆ ಮಳೆಗಾಲದಲ್ಲಿ ನಮ್ಮ ಗುಡ್ಡೆ, ತೋಟಗಳಲ್ಲಿ ಸಿಗುವ ಗೋಲಿಯಂಥದ್ದು ಸಾಧಾರಣವಾಗಿ ಸಹಸ್ರಪದಿ, ಆರ್ತ್ರೋಸ್ಫೀರಾ ಕುಲದ್ದು. ಬಿಡಿಸಿಕೊಂಡು ನಡೆಯುವ ತನಕ ಕಾದು ಕಾಲು ಎಣಿಸಿ. ಆರು ಕಾಲಾದರೆ ನನಗೆ ತಕ್ಷಣ ಫೋಟೋ ಕಳಿಸಿ, ರಾತ್ರಿಯಾದರೂ ಪರವಾಗಿಲ್ಲ.

ರಾತ್ರಿ ದೀಪಕ್ಕೆ ಅಂಗೈ ಅಗಲದ ಜಿರಳೆ ಬಂದಿತ್ತು.

ಅದು ಜಿರಳೆಯಲ್ಲ, ದೈತ್ಯ ನೀರುತಿಗಣೆ. ಕೆರೆ, ಗದ್ದೆಯಿಂದ ಹಾರಿ ಬರುತ್ತದೆ. ಮುಂಗಾಲು ಇಕ್ಕಳದ ಥರ ಇರುತ್ತದೆ, ತಲೆಯ ಕೆಳಗೆ ಚೂಪಾದ ಸೂಜಿಬಾಯಿ. ಚುಚ್ಚಿದರೆ ವಿಪರೀತ ನೋವು. ಗುರುತಿಸಲು ಕೈಯಲ್ಲಿ ಎತ್ತಬೇಡಿ.

ಹಿಸ್ಸ್ ಅನ್ನುವ ಮಡಗಾಸ್ಕರ್ ಜಿರಳೆ ತಂದಿದ್ದೇನೆ. ಶುದ್ಧ ತಳಿಯಾ?

ಶುದ್ಧ ಅಂತ ಬರೆದುಕೊಡಲು ಯಾರಿಗೂ ಆಗದು. ಗ್ರೋಮ್ಫಾಡೋರೈನಾ ಪೋರ್ಟೆಂಟೋಸಾ 5ರಿಂದ 7.5 ಸೆಂಟಿಮೀಟರ್ ಬೆಳೆಯುತ್ತದೆ, ರೆಕ್ಕೆ ಇಲ್ಲ. ಹೊಟ್ಟೆಯ ಬದಿಯ ಉಸಿರುರಂಧ್ರದಿಂದ ಗಾಳಿ ತಳ್ಳಿ ಸದ್ದು ಮಾಡುತ್ತದೆ. ಗುರಾಣಿಯ ಮೇಲೆ ಎರಡು ದಪ್ಪ ಉಬ್ಬು ಇದ್ದರೆ ಗಂಡು, ಉಬ್ಬು ಕಡಿಮೆ ಇದ್ದರೆ ಹೆಣ್ಣು. ಇಷ್ಟು ಹೇಳಬಹುದು. ಆದರೆ ಮಡಗಾಸ್ಕರಿನಲ್ಲಿ ಇದರ ಹತ್ತಿರದ ಬಂಧುಗಳು ಹಲವು. ಹವ್ಯಾಸಿಗಳ ಡಬ್ಬಿಗಳಲ್ಲಿ ಅವು ದಶಕಗಳಿಂದ ಬೆರೆತಿವೆ. ಮೂಲ ಊರಿನ ದಾಖಲೆ ಇಲ್ಲದ ಹುಳಕ್ಕೆ "ಹಿಸ್ಸಿಂಗ್ ಜಿರಳೆ" ಅಂತ ಬರೆದು ಸುಮ್ನೆ ಇರುವುದೇ ಪ್ರಾಮಾಣಿಕ.

ಹಲ್ಲಿ, ಮೀನುಗಳಿಗೆ ಆಹಾರವಾಗಿ ಮಾರುವ ಡೂಬಿಯಾ ಜಿರಳೆಯ ಗುರುತು ಸುಲಭ. ದಕ್ಷಿಣ ಅಮೆರಿಕದ್ದು. ಗಂಡಿಗೆ ಪೂರ್ತಿ ರೆಕ್ಕೆ, ಹೆಣ್ಣಿಗೆ ಬರೀ ಮೊಟಕು ರೆಕ್ಕೆ. ನಯವಾದ ಗಾಜು ಹತ್ತಲು ಅದಕ್ಕೆ ಬರುವುದಿಲ್ಲ. ಹಿಸ್ಸಿಂಗ್ ಜಿರಳೆ ಗಾಜನ್ನು ಸಲೀಸಾಗಿ ಹತ್ತುತ್ತದೆ, ಮುಚ್ಚಳ ಗಟ್ಟಿ ಇರಲಿ.

ಜಾಸ್ತಿಯಾದ ವಿದೇಶಿ ಜಿರಳೆಗಳನ್ನು ತೋಟಕ್ಕೆ ಬಿಡಬಹುದಾ?

ಖಂಡಿತ ಬೇಡ. ಚಳಿ ದೇಶದಲ್ಲಿ ಹೊರಗೆ ಬಿಟ್ಟರೆ ಅವು ಸಾಯುತ್ತವೆ. ಇಲ್ಲಿ ವರ್ಷಕ್ಕೆ ಮೂರು ಸಾವಿರ ಮಿಲಿಮೀಟರಿಗೂ ಜಾಸ್ತಿ ಮಳೆ, ಉಳಿದ ದಿನ ಸೆಕೆ, ತೋಟದ ತುಂಬ ಸೋಗೆ, ತರಗೆಲೆ. ಅವುಗಳಿಗೆ ಇನ್ನೇನು ಬೇಕು? ಬೇಡವಾದದ್ದನ್ನು ಫ್ರೀಜರಿನಲ್ಲಿ ಎರಡು ದಿನ ಇಟ್ಟು ಆಮೇಲೆ ಹೂಳಿ. ಡಬ್ಬಿಯ ಮಣ್ಣನ್ನೂ ಹಾಗೆಯೇ ಮಾಡಿ, ಅದರಲ್ಲಿ ಮೊಟ್ಟೆ ಇರಬಹುದು.

ಇನ್ನೊಂದು ಸಂಗತಿ. ಹೊರದೇಶದಿಂದ ಜೀವಂತ ಕೀಟ ತರಿಸಲು ಸರಕಾರದ ಪರವಾನಗಿ ಬೇಕು. 2003ರ ಸಸ್ಯ ಕ್ವಾರಂಟೈನ್ ಆದೇಶದಲ್ಲಿ ಕೀಟಗಳೂ ಬರುತ್ತವೆ. "ಪಾರ್ಸೆಲಿನಲ್ಲಿ ಗೊಂಬೆ ಅಂತ ಬರೆಸಿ" ಅನ್ನುವ ಮಾರಾಟಗಾರರ ಸಹವಾಸ ಬೇಡ.

ನಮ್ಮ ಗುಡ್ಡೆಯ ಡಾಮಿನೋವನ್ನು ಸಾಕಬಹುದಾ?

ರಕ್ಷಿತಾರಣ್ಯದಿಂದ ಯಾವ ಹುಳವನ್ನೂ ತರಬೇಡಿ, ಅದು ಕಾನೂನಿಗೆ ವಿರುದ್ಧ. ನಿಮ್ಮದೇ ಜಾಗದಲ್ಲಿ ಸಿಕ್ಕಿದರೂ ಫೋಟೋ ತೆಗೆದು ಬಿಡುವುದು ಒಳ್ಳೆಯದು ಅಂತ ನನ್ನ ಅಭಿಪ್ರಾಯ. ರೆಕ್ಕೆ ಬಂದ ಮೇಲೆ ಅದು ಬದುಕುವುದು ಕೆಲವೇ ತಿಂಗಳು. ಆ ಹೊತ್ತಿನಲ್ಲಿ ಮೊಟ್ಟೆ ಇಡುವುದೇ ಅದರ ಕೆಲಸ.

ಆದರೂ ಸಾಕುತ್ತೇನೆ ಅನ್ನುವವರು ನಾಲ್ಕು ಬೆರಳು ಆಳ ಸಡಿಲ ಮಣ್ಣು, ತೆಂಗಿನ ನಾರಿನ ಪುಡಿ, ಮೇಲೆ ಒಣ ಎಲೆ ಹಾಕಿ. ಕೀಟನಾಶಕ ಹೊಡೆದ ತೋಟದ ಎಲೆ ಮಾತ್ರ ಬೇಡ. ಒಂದು ಬದಿ ತುಸು ಒದ್ದೆ, ಇನ್ನೊಂದು ಬದಿ ಒಣ ಇರಲಿ. ಪೂರ್ತಿ ಒದ್ದೆ ಮಾಡಿದರೆ ಬೂಷ್ಟು ಹಿಡಿಯುತ್ತದೆ. ಮೊಟ್ಟೆಕೋಶ ಮಣ್ಣಿನಲ್ಲೇ ಬಿದ್ದಿರುತ್ತದೆ. ಡಬ್ಬಿ ಖಾಲಿಯಾಯಿತು ಅಂತ ಮಣ್ಣು ಚೆಲ್ಲಬೇಡಿ. ತಿಂಗಳುಗಟ್ಟಲೆ ಏನೂ ಕಾಣದೆ ಒಂದು ದಿನ ಮರಿ ಹೊರಡುತ್ತವೆ. ದೊಡ್ಡದಾಗಲು ವರ್ಷದ ಹತ್ತಿರ ಬೇಕು.

ಹುಳವನ್ನಾಗಲಿ ಮೊಟ್ಟೆಯನ್ನಾಗಲಿ ಹೊರದೇಶದವರಿಗೆ ಕಳಿಸುವ ಯೋಚನೆ ಬೇಡ. 2002ರ ಜೀವವೈವಿಧ್ಯ ಕಾಯ್ದೆ ಇದೆ. 2008ರಲ್ಲಿ ಡಾರ್ಜಿಲಿಂಗ್ ಕಡೆಯ ರಾಷ್ಟ್ರೀಯ ಉದ್ಯಾನದಲ್ಲಿ ಕೀಟ ಹಿಡಿದದ್ದಕ್ಕೆ ಇಬ್ಬರು ಜೆಕ್ ಪ್ರಜೆಗಳು ಬಂಧನಕ್ಕೊಳಗಾಗಿದ್ದರು. "ಹುಳ ತಾನೇ" ಅನ್ನುವ ಮಾತು ಅಲ್ಲಿ ನಡೆಯಲಿಲ್ಲ.

ಮನೆಯವರು ರೋಗ ಬರುತ್ತದೆ ಅಂತಾರೆ.

ಚರಂಡಿಯಿಂದ ಅಡುಗೆಮನೆಗೆ ಓಡಾಡುವ ಜಿರಳೆಯ ವಿಷಯದಲ್ಲಿ ಅವರ ಮಾತು ಸರಿ. ಜಗತ್ತಿನಲ್ಲಿ ನಾಲ್ಕು ಸಾವಿರಕ್ಕೂ ಹೆಚ್ಚು ಜಿರಳೆ ಜಾತಿಗಳಿವೆ. ಮನುಷ್ಯರ ಮನೆ ಹೊಕ್ಕವು ಸುಮಾರು ಮೂವತ್ತು. ಉಳಿದವು ಕಾಡಿನಲ್ಲಿ ಎಲೆ, ಕಟ್ಟಿಗೆ ಕೊಳೆಸಿಕೊಂಡು ಇವೆ. ಅಂದ ಹಾಗೆ ಗೆದ್ದಲು ಕೂಡ ಜಿರಳೆಗಳ ಕುಟುಂಬದ್ದೇ ಅಂತ 2007ರ ಡಿಎನ್‌ಎ ಅಧ್ಯಯನ ಗಟ್ಟಿಮಾಡಿತು.

ಡಬ್ಬಿಯ ಜಿರಳೆಯಿಂದಲೂ ಅಲರ್ಜಿ ಬರಬಹುದು. ಪೊರೆ, ಹಿಕ್ಕೆಯ ಪುಡಿಯೇ ಅದಕ್ಕೆ ಕಾರಣ. ಉಬ್ಬಸ ಇರುವವರ ಕೋಣೆಯಲ್ಲಿ ಇಡಬೇಡಿ, ಮುಟ್ಟಿದ ಮೇಲೆ ಕೈ ತೊಳೆಯಿರಿ.

ಫೋಟೋ ಹೇಗೆ ತೆಗೆದು ಕಳಿಸಬೇಕು?

ನೇರ ಮೇಲಿನಿಂದ ಒಂದು, ಕೆಳಗಿನಿಂದ ಒಂದು, ಗುರಾಣಿಯದ್ದು ಹತ್ತಿರದಿಂದ ಒಂದು, ಹೊಟ್ಟೆಯ ತುದಿಯದ್ದು ಒಂದು. ಓಡಾಡುವ ಹುಳವನ್ನು ಡಬ್ಬಿ ಸಮೇತ ಫ್ರಿಜ್ಜಿನಲ್ಲಿ, ಫ್ರೀಜರಿನಲ್ಲಲ್ಲ, ಸ್ವಲ್ಪ ಹೊತ್ತು ಇಟ್ಟರೆ ತಣ್ಣಗೆ ಕೂರುತ್ತದೆ. ಹಗಲು ಬೆಳಕಿನಲ್ಲಿ, ಬಿಳಿ ಕಾಗದದ ಮೇಲೆ ತೆಗೆಯಿರಿ. ಪಕ್ಕದಲ್ಲಿ ಸ್ಕೇಲು ಇಡಿ. ನಾಣ್ಯ ಬೇಡ. ಒಂದು ರೂಪಾಯಿ ನಾಣ್ಯವೇ ಬೇರೆ ಬೇರೆ ಅಳತೆಯಲ್ಲಿ ಬಂದಿದೆ, ನೀವು ಇಟ್ಟದ್ದು ಯಾವುದು ಅಂತ ನನಗೆ ತಿಳಿಯುವುದಿಲ್ಲ.

ಫೋಟೋದ ಜೊತೆ ಜಾಗ ಬರೆಯಿರಿ. "ಕಾಸರಗೋಡು" ಅಂದರೆ ಸಾಲದು. ಮಂಜೇಶ್ವರದ ಕಡಲ ಬದಿಯೂ ಕಾಸರಗೋಡೇ, ರಾಣಿಪುರದ ಬೆಟ್ಟವೂ ಕಾಸರಗೋಡೇ. ಪಂಚಾಯತು, ಊರು, ಗುಡ್ಡೆಯೋ ತೋಟವೋ ಮನೆಯೊಳಗೋ, ಯಾವ ಮರದ ಅಡಿ, ತಾರೀಕು, ಹಗಲೋ ರಾತ್ರಿಯೋ. ಜೀವಿಗಳ ಫೋಟೋ, ಜಾಗ ದಾಖಲಿಸುವ ಐನ್ಯಾಚುರಲಿಸ್ಟ್ ಆ್ಯಪಿಗೆ ಹಾಕುವುದಾದರೂ ಇದೇ ವಿವರ ಕೊಡಿ. ಆ್ಯಪು ತಾನಾಗಿ ತೋರಿಸುವ ಹೆಸರನ್ನು ಸುಮ್ನೆ ಒತ್ತಿಬಿಡಬೇಡಿ. ಸಾಕಿದ ಹುಳವಾದರೆ ಸಾಕಿದ್ದು ಅಂತ ಗುರುತು ಹಾಕಲೇಬೇಕು. ಇಲ್ಲದಿದ್ದರೆ ಬೇಳದ ಡಬ್ಬಿಯಲ್ಲಿದ್ದ ಮಡಗಾಸ್ಕರ್ ಜಿರಳೆ ನಕ್ಷೆಯಲ್ಲಿ ಬೇಳದ ಕಾಡುಜಿರಳೆಯಾಗಿ ಕೂರುತ್ತದೆ.

ಫೋಟೋದಲ್ಲಿ ಬಗೆಹರಿಯದಿದ್ದರೆ?

ಹಲವು ಜಿರಳೆ ಜಾತಿಗಳನ್ನು ಬೇರ್ಪಡಿಸಲು ಗಂಡಿನ ಜನನಾಂಗವನ್ನು ಬಿಡಿಸಿ ಸೂಕ್ಷ್ಮದರ್ಶಕದಲ್ಲಿ ನೋಡಬೇಕಾಗುತ್ತದೆ. ಅದು ತಜ್ಞರ ಕೆಲಸ. ನಮಗೆ ಹತ್ತಿರ ಅಂದರೆ ಭಾರತೀಯ ಪ್ರಾಣಿ ಸರ್ವೇಕ್ಷಣಾಲಯದ ಕೋಝಿಕ್ಕೋಡ್ ಕೇಂದ್ರ. ಕೂಡ್ಲುವಿನ ಸಿಪಿಸಿಆರ್‌ಐಗೆ ಹೊತ್ತುಕೊಂಡು ಹೋಗುವವರಿದ್ದಾರೆ. ಅದು ತೆಂಗು, ಅಡಿಕೆ, ಕೋಕೋ ಬೆಳೆಗಳ ಸಂಸ್ಥೆ. ಕಾಡುಜಿರಳೆಗೆ ಹೆಸರು ಹೇಳುವುದು ಅವರ ಕೆಲಸವಲ್ಲ.

ತಾನಾಗಿ ಸತ್ತ ಹುಳವನ್ನು ಬಿಸಾಡಬೇಡಿ. ಸಣ್ಣ ಗಾಜಿನ ಸೀಸೆಯಲ್ಲಿ ಆಲ್ಕೋಹಾಲ್ ಹಾಕಿ ಅದರಲ್ಲಿ ಇಡಿ. ಊರು, ತಾರೀಕು ಬರೆದ ಚೀಟಿಯನ್ನು ಸೀಸೆಯ ಹೊರಗೆ ಅಂಟಿಸದೆ ಒಳಗೇ ಹಾಕಿ, ಹೊರಗಿನದ್ದು ನಮ್ಮ ಮಳೆಗಾಲಕ್ಕೆ ಉದುರಿಹೋಗುತ್ತದೆ. ಪೆನ್ಸಿಲಿನಲ್ಲೇ ಬರೆಯಿರಿ. ಪೆನ್ನಿನ ಶಾಯಿ ಆಲ್ಕೋಹಾಲಿನಲ್ಲಿ ಕರಗುತ್ತದೆ.